ಮೂರು ಗೀಟು ಕಮ್ಮಿ

ಧಡ್. ಧಡ್. ಧಡ್. ಆಮೇಲೆ ಒಂದು ಉಸಿರಿನಷ್ಟು ಬಿಡುವು. ಮತ್ತೆ ಧಡ್.

ಮನೆಯ ಹಿಂದಿನ ಓಣಿಯಲ್ಲಿ ಕಬ್ಬಿಣ ಬಡಿಯುವ ಶೆಡ್ಡೊಂದಿದೆ. ಬೆಳಗ್ಗೆ ಏಳಕ್ಕೆ ಅಲ್ಲಿನ ಪವರ್ ಹ್ಯಾಮರ್ ಶುರುವಾದರೆ ಸಾಲುಮನೆಗಳ ಕಿಟಕಿ ಗಾಜುಗಳೆಲ್ಲ ಹಲ್ಲು ಕಡಿಯುತ್ತವೆ. ಅಕ್ಕಪಕ್ಕದವರು ಆ ಶೆಡ್ಡಿನವನಿಗೆ ದಿನಾ ಹಿಡಿಶಾಪ ಹಾಕುತ್ತಾರೆ. ಅವಳೊಬ್ಬಳು ಮಾತ್ರ ಹಾಸಿಗೆಯಲ್ಲೇ ಕಣ್ಣು ಮುಚ್ಚಿಕೊಂಡು ಕೇಳುತ್ತಾಳೆ. ಮೊದಲ ಪೆಟ್ಟುಗಳು ಮೆತ್ತಗೆ, ಹಸಿಮಣ್ಣಿನ ಮೇಲೆ ಬಿದ್ದಂತೆ. ಕಬ್ಬಿಣ ಆರುತ್ತ ಬಂದ ಹಾಗೆ ಸದ್ದಿನ ಗಂಟಲು ಬಿಗಿಯುತ್ತದೆ. ಕೊನೆಯವು ಟಣ್ ಎನ್ನುತ್ತವೆ. “ಸಾಕು, ಮತ್ತೆ ಒಲೆಗೆ ಹಾಕಪ್ಪಾ” ಎಂದು ಮಲಗಿದಲ್ಲೇ ಅನ್ನುತ್ತಾಳೆ. ಅವನಿಗೆ ಕೇಳಿಸದಿದ್ದರೂ ಅಷ್ಟು ಹೊತ್ತಿಗೆ ಹಾಕಿರುತ್ತಾನೆ.

ಅವಳ ಹೆಸರು ಆಫೀಸಿನ ಕಾಗದಗಳಲ್ಲಿ ಬಿಟ್ಟರೆ ಬೇರೆಲ್ಲೂ ಚಲಾವಣೆಯಲ್ಲಿಲ್ಲ. ಕಾರ್ಖಾನೆಗಳ ಗೇಟಿನಲ್ಲಿ ಕಾವಲಿನವರು ಒಳಗೆ ಫೋನ್ ಮಾಡಿ “ಮೈಕ್ರಾನ್ ಮೇಡಂ ಬಂದಿದಾರೆ” ಎನ್ನುತ್ತಾರೆ. ಒಂದು ತಲೆಗೂದಲಿನ ದಪ್ಪವನ್ನು ಅರವತ್ತೆಪ್ಪತ್ತು ಪಾಲು ಮಾಡಿದರೆ ಒಂದು ಪಾಲು ಒಂದು ಮೈಕ್ರಾನ್. ಅವಳ ಕೆಲಸ ಆ ಲೆಕ್ಕದಲ್ಲಿ ನಡೆಯುವಂಥದ್ದು. ಕಾರ್ಖಾನೆಯಲ್ಲಿ ಅಳೆಯುವ ಸಲಕರಣೆಗಳು ನಿಜ ಹೇಳುತ್ತಿವೆಯೋ ಸುಳ್ಳು ಹೇಳುತ್ತಿವೆಯೋ ನೋಡುವುದು. ಮರದ ಪೆಟ್ಟಿಗೆಯೊಂದರಲ್ಲಿ ಕನ್ನಡಿಯಂತೆ ಹೊಳೆಯುವ ಉಕ್ಕಿನ ಬಿಲ್ಲೆಗಳಿವೆ, ಸ್ಲಿಪ್ ಗೇಜುಗಳು. ಇಪ್ಪತ್ತೈದು ಮಿಲಿಮೀಟರ್ ಎಂದು ಬರೆದಿದ್ದರೆ ಅದು ಇಪ್ಪತ್ತೈದೇ. ದೇವರ ಆಣೆಗಿಂತ ಗಟ್ಟಿ. ಕಾರ್ಖಾನೆಯ ಮೈಕ್ರೋಮೀಟರಿನ, ಅಂದರೆ ತಿರುಪಿನಿಂದ ದಪ್ಪ ಅಳೆಯುವ ಸಲಕರಣೆಯ, ಬಾಯಿಗೆ ಆ ಬಿಲ್ಲೆ ಕೊಟ್ಟು, ಅದು ಏನು ಹೇಳುತ್ತದೆಂದು ಬರೆದುಕೊಳ್ಳುತ್ತಾಳೆ. ಸರಿಯಿದ್ದರೆ ಹಸಿರು ಚೀಟಿ ಅಂಟಿಸುತ್ತಾಳೆ, ಇಲ್ಲದಿದ್ದರೆ ಕೆಂಪು.

ಕೆಲವರು ಸಂಬಳ ನೋಡಿ ಕೆಲಸ ಹಿಡಿಯುತ್ತಾರೆ, ಕೆಲವರು ಊರು ನೋಡಿ. ಅವಳು ಈ ಕೆಲಸ ಹಿಡಿದದ್ದು ಒಂದೇ ಒಂದು ಮೈಕ್ರೋಮೀಟರಿಗೆ ಕೆಂಪು ಚೀಟಿ ಅಂಟಿಸಬೇಕೆಂದು. ಈ ಮಾತನ್ನು ಅವಳು ಯಾರಿಗೂ ಹೇಳಿರಲಿಲ್ಲ. ಅಮ್ಮನಿಗೆ ಹೇಳುವ ಅಗತ್ಯವಿರಲಿಲ್ಲ.

“ಇವತ್ತು ಯಾವ ಕಾರ್ಖಾನೆ?” ಎಂದಳು ಅಮ್ಮ, ಹೊಲಿಗೆ ಯಂತ್ರದಿಂದ ಕತ್ತೆತ್ತದೆ. ಶಾಲೆಯೊಂದರ ಸಮವಸ್ತ್ರಗಳು ಅವಳ ಸುತ್ತ ನೀಲಿ ರಾಶಿಯಾಗಿ ಬಿದ್ದಿದ್ದವು.

“ಕಾರ್ಖಾನೆ ಅಲ್ಲ. ಕಾಲೇಜು.”

ಸೂಜಿ ನಿಂತಿತು. “ಯಾವ ಕಾಲೇಜು?”

“ನಮ್ದೇ. ಯಾವುದೋ ಸಮಿತಿ ಬರುತ್ತಂತೆ ನೋಡೋಕೆ. ಅದಕ್ಕೆ ಲ್ಯಾಬಿನ ಸಾಮಾನೆಲ್ಲ ಚೆಕ್ ಮಾಡಿ ಕೊಡಿ ಅಂತ ಬರೆದಿದ್ರು. ನಮ್ಮ ಆಫೀಸಿನ ಯಜಮಾನ್ರು ನನ್ನನ್ನೇ ಹಾಕಿದ್ರು.”

“ಅವರು ಹಾಕಿದ್ರೋ ನೀನೇ ಕೇಳಿ ಹಾಕಿಸ್ಕೊಂಡ್ಯೋ?”

ಅವಳು ಪೆಟ್ಟಿಗೆಯ ಕೊಂಡಿ ಪರೀಕ್ಷಿಸುವುದರಲ್ಲಿ ಮುಳುಗಿದಳು.

“ಹದಿನಾಲ್ಕು ವರ್ಷ ಆಯ್ತು ಕಣೇ,” ಎಂದಳು ಅಮ್ಮ. “ಬಟ್ಟೆಗಾದ್ರೂ ಒಳಹೊಲಿಗೆಯಲ್ಲಿ ಒಂದಿಂಚು ಬಿಡ್ತೀವಿ, ನಾಳೆ ಬಿಚ್ಚೋಕಿರಲಿ ಅಂತ. ನೀನು ಜನಕ್ಕೆ ಒಂದು ನೂಲೂ ಬಿಡಲ್ಲ.”

“ಬಟ್ಟೆ ಹಿಗ್ಗುತ್ತೆ ಅಮ್ಮ. ಉಕ್ಕು ಹಿಗ್ಗಲ್ಲ.”

“ಉಕ್ಕಂತೆ. ತಿಂಡಿ ತಿಂದು ಹೋಗು. ಖಾಲಿ ಹೊಟ್ಟೇಲಿ ಜಗಳಕ್ಕೆ ಹೋಗಬಾರದು, ಮಾತು ತಪ್ಪುತ್ತೆ.”

ಅವಳು ತಿಂದಳು. ಒಂದು ತುತ್ತೂ ಬಿಡದೆ.

*

ಹದಿನಾಲ್ಕು ವರ್ಷದ ಹಿಂದೆ ಅವಳು ಮೆಕ್ಯಾನಿಕಲ್ ವಿಭಾಗದ ಕೊನೆಯ ವರ್ಷದಲ್ಲಿದ್ದಳು, ಅರವತ್ತು ಜನರ ತರಗತಿಯ ನಾಲ್ಕು ಹುಡುಗಿಯರಲ್ಲಿ ಒಬ್ಬಳಾಗಿ. ವರ್ಕ್‌ಶಾಪಿನ ಮುಖ್ಯಸ್ಥರನ್ನು ಹುಡುಗರು ಬೆನ್ನ ಹಿಂದೆ ‘ಪಾಸಿಲ್ಲಪ್ಪ’ ಎನ್ನುತ್ತಿದ್ದರು. ಅವರ ಕೈಯಲ್ಲಿ ಫೇಲಾದವರನ್ನು ಸಾಲಾಗಿ ನಿಲ್ಲಿಸಿದರೆ ಮುಖ್ಯರಸ್ತೆಯವರೆಗೆ ಬರುತ್ತದೆ ಎಂಬ ಪ್ರತೀತಿಯಿತ್ತು. ಪ್ರಾಕ್ಟಿಕಲ್ ಪರೀಕ್ಷೆಯಲ್ಲಿ ಅವರು ಕೊಡುತ್ತಿದ್ದುದು ಒಂದೇ ಕೆಲಸ. ಒರಟು ಕಬ್ಬಿಣದ ತುಂಡೊಂದನ್ನು ವೈಸಿನ ಇಕ್ಕುಳಕ್ಕೆ ಕಚ್ಚಿಸಿ, ಅರದಿಂದ ಉಜ್ಜಿ ಉಜ್ಜಿ, ಎಲ್ಲ ಕಡೆಯಿಂದಲೂ ಸರಿಯಾಗಿ ಇಪ್ಪತ್ತೈದು ಮಿಲಿಮೀಟರಿನ ಚೌಕ ಮಾಡಬೇಕು. ಅಳತೆಯನ್ನು ಅವರು ತಮ್ಮದೇ ಮೈಕ್ರೋಮೀಟರಿನಲ್ಲಿ ನೋಡುತ್ತಿದ್ದರು. ಹಳದಿ ಬಟ್ಟೆಯಲ್ಲಿ ಸುತ್ತಿಟ್ಟ ಆ ಸಲಕರಣೆಯನ್ನು ಬೇರೆ ಯಾರೂ ಮುಟ್ಟುವಂತಿರಲಿಲ್ಲ. ಅದರ ತಿರುಗಿಸುವ ಹಿಡಿಯ ಸುತ್ತ ಕೂದಲೆಳೆಯಂಥ ಗೀಟುಗಳು. ಒಂದು ಗೀಟೆಂದರೆ ಮಿಲಿಮೀಟರಿನ ನೂರನೇ ಒಂದು ಪಾಲು. ಒಂದು ಗೀಟು ಆಚೀಚೆಯಾದರೆ ಪಾಸು, ಎರಡಾದರೆ ಅಂಕ ಕಡಿತ, ಮೂರಾದರೆ ಫೇಲು.

ಆ ಕಾಲೇಜಿನಲ್ಲಿ ಹಿರಿಯರಿಂದ ಕಿರಿಯರಿಗೆ ಬರುತ್ತಿದ್ದ ಒಂದು ಗುಟ್ಟಿತ್ತು. “ಪಾಸಿಲ್ಲಪ್ಪನಿಗೆ ಎರಡು ಮೂರು ಗೀಟು ದಪ್ಪನೇ ಬಿಡು. ಪೂರ್ತಿ ಇಪ್ಪತ್ತೈದಕ್ಕೆ ಇಳಿಸಿದ್ಯೋ, ಸತ್ತೆ.” ಯಾಕೆ ಎಂದು ಯಾರಿಗೂ ಗೊತ್ತಿರಲಿಲ್ಲ. ಅವರಿಗೆ ದಪ್ಪ ಇಷ್ಟ ಎಂದು ಕೆಲವರು, ಅವರ ಗ್ರಹಚಾರ ಎಂದು ಕೆಲವರು. ಅವಳಿಗೂ ಯಾರೋ ಕಿವಿಯಲ್ಲಿ ಊದಿದ್ದರು. ಅವಳು ಡ್ರಾಯಿಂಗ್ ಹಾಳೆ ತೋರಿಸಿದ್ದಳು. “ಇಲ್ಲಿ ಇಪ್ಪತ್ತೈದು ಅಂತಿದೆ. ಇಪ್ಪತ್ತೈದು ಅಂದ್ರೆ ಇಪ್ಪತ್ತೈದು.”

ಅಂಗೈ ಬೊಬ್ಬೆಯೆದ್ದು ಒಡೆಯುವವರೆಗೆ ಉಜ್ಜಿದಳು. ಲ್ಯಾಬಿನ ಮೈಕ್ರೋಮೀಟರಿನಲ್ಲಿ ಆರು ಕಡೆ ಅಳೆದಳು. ಆರು ಕಡೆಯೂ ಇಪ್ಪತ್ತೈದು. ಅಂಥ ತುಂಡನ್ನು ಅವಳು ಮತ್ತೆಂದೂ ಮಾಡಲಿಲ್ಲ. ಬೆಳಕಿಗೆ ಹಿಡಿದರೆ ಅದರ ಮೈಮೇಲೆ ನೆರಳು ಕೂಡ ನೇರವಾಗಿ ಬೀಳುತ್ತಿತ್ತು.

ಪಾಸಿಲ್ಲಪ್ಪ ಹಳದಿ ಬಟ್ಟೆ ಬಿಚ್ಚಿ, ತುಂಡನ್ನು ಕಚ್ಚಿಸಿ, ಕಣ್ಣು ಕಿರಿದು ಮಾಡಿ ನೋಡಿದರು. “ಮೂರು ಗೀಟು ಕಮ್ಮಿ.”

“ಸರ್, ಇನ್ನೊಂದು ಸಲ ನೋಡ್ತೀರಾ?”

“ನನ್ನ ಕೈಗೆ ಇನ್ನೊಂದು ಸಲ ಅನ್ನೋದು ಗೊತ್ತಿಲ್ಲಮ್ಮ.” ಸುತ್ತ ನಿಂತವರು ನಕ್ಕರು, ನಗದಿದ್ದರೆ ಅವರ ಸರದಿಗೆ ಕಷ್ಟ. “ಇದು ಅರ ಹಿಡಿಯೋ ಕೈ ಅಲ್ಲ. ಮುಂದೆ ಹೋಗು.” ಅಷ್ಟಕ್ಕೇ ಬಿಡದೆ, ಉಳಿಯಿಂದ ತುಂಡಿನ ನಡುಮಧ್ಯೆ ಒಂದು ಗುಣಾಕಾರದ ಗುರುತು ಕೆತ್ತಿ ತೊಟ್ಟಿಗೆಸೆದರು. ಕಬ್ಬಿಣ ಕಬ್ಬಿಣದ ಮೇಲೆ ಬಿದ್ದ ಸದ್ದಾಯಿತು.

ಆ ತಿಂಗಳು ಹುಡುಗರನ್ನು ಕೆಲಸಕ್ಕೆ ಆರಿಸಿಕೊಳ್ಳಲು ಕಾಲೇಜಿಗೆ ಒಂದೇ ಒಂದು ದೊಡ್ಡ ಕಂಪನಿ ಬಂತು. ಎಂಜಿನ್ ತಯಾರಿಸುವವರು, ವಿನ್ಯಾಸ ವಿಭಾಗಕ್ಕೆ ಮೂವರು ಬೇಕೆಂದು ಬಂದಿದ್ದರು. ಬರೆಯುವ ಪರೀಕ್ಷೆಯಲ್ಲಿ ಅವಳೇ ಮೊದಲು. ಆದರೆ ಯಾವುದೇ ವಿಷಯದಲ್ಲಿ ಫೇಲಾದವರನ್ನು ಒಳಗೆ ಬಿಡುವಂತಿರಲಿಲ್ಲ. ಸಂದರ್ಶನದ ಕೋಣೆಯ ಹೊರಗಿನ ಬೆಂಚಿನಿಂದ ಅವಳನ್ನು ಎಬ್ಬಿಸಿ ಕಳಿಸಿದರು.

ಆರು ತಿಂಗಳ ನಂತರ ಮರುಪರೀಕ್ಷೆ. ಈ ಸಲ ಅವಳು ಹಲ್ಲು ಕಚ್ಚಿ ಮೂರು ಗೀಟು ದಪ್ಪ ಬಿಟ್ಟಳು. “ಹಾಂ, ಈಗ ನೋಡು, ಸರಿಯಾಗಿ ಇಪ್ಪತ್ತೈದು. ಬುದ್ಧಿ ಬಂತು,” ಎಂದರು ಪಾಸಿಲ್ಲಪ್ಪ. ಸರಿಯಾಗಿದ್ದದ್ದು ಫೇಲಾಗಿ, ತಪ್ಪಾಗಿದ್ದದ್ದು ಪಾಸಾಯಿತು. ಅವತ್ತೇ ಅವಳಿಗೆ ಖಾತ್ರಿಯಾದದ್ದು: ಆ ಮೈಕ್ರೋಮೀಟರ್ ಮೂರು ಗೀಟು ಸುಳ್ಳು ಹೇಳುತ್ತದೆ.

ಆಮೇಲಿನದು ಎಲ್ಲರ ಬಾಳಿನ ಹಾಗೆ. ಒಂದು ಸಣ್ಣ ಆಫೀಸಿನಲ್ಲಿ ಬೇರೆಯವರು ಬರೆದ ಡ್ರಾಯಿಂಗುಗಳನ್ನು ಕಂಪ್ಯೂಟರಿಗೇರಿಸಿದಳು. ಎರಡು ವರ್ಷ ಡ್ರಿಲ್ ಬಿಟ್ಟುಗಳ ಚೀಲ ಹೊತ್ತು ಅಂಗಡಿ ಅಂಗಡಿ ಸುತ್ತಿ ಮಾರಿದಳು. ಒಂದು ದಿನ ಪತ್ರಿಕೆಯ ಮೂಲೆಯಲ್ಲಿ, ಅಳತೆ ಸಲಕರಣೆ ಪರೀಕ್ಷಿಸುವ ಲ್ಯಾಬಿಗೆ ಜನ ಬೇಕು ಎಂಬ ಜಾಹೀರಾತು ಕಂಡಿತು. ಅದನ್ನು ಅವಳು ಕತ್ತರಿಸಿಟ್ಟುಕೊಂಡದ್ದು ಕೆಲಸ ಸಿಗುವ ಆಸೆಗಲ್ಲ.

ಒಂಬತ್ತು ವರ್ಷ ಕಾದಳು. ಕಾಲೇಜಿನವರು ಸಲಕರಣೆಗಳನ್ನು ಪರೀಕ್ಷೆ ಮಾಡಿಸುವ ಗೋಜಿಗೇ ಹೋಗಿರಲಿಲ್ಲ. ಈಗ ಸಮಿತಿ ಬರುತ್ತದೆಂದಾಗ ನೆನಪಾಗಿತ್ತು.

*

ಪ್ರಿನ್ಸಿಪಾಲರು ಹೊಸಬರು, ಅವಸರದ ಮನುಷ್ಯ. “ಬನ್ನಿ ಮೇಡಂ, ಬನ್ನಿ. ನೀವು ನಮ್ಮಲ್ಲೇ ಓದಿದವರಂತೆ! ಹಾಗಾದ್ರೆ ನಿಮ್ಮನ್ನ ಸುಮ್ನೆ ಬಿಡೋದುಂಟಾ? ಎರಡು ಗಂಟೆಗೆ ಫೈನಲ್ ಇಯರ್ ಮಕ್ಕಳಿಗೆ ಒಂದು ಹತ್ತು ನಿಮಿಷ. ಮೆಕ್ಯಾನಿಕಲ್ ಆದ್ಮೇಲೆ ಮುಂದೇನು ಅಂತ. ನಾನು ಹೇಳಿದ್ರೆ ನಿದ್ದೆ ಮಾಡ್ತಾರೆ.”

“ಆಗ್ಲಿ ಸರ್. ಮೊದಲು ಕೆಲಸ ಮುಗಿಸ್ತೀನಿ. ಲ್ಯಾಬಿನ ಸಾಮಾನಷ್ಟೇ ಅಲ್ಲ, ಪರೀಕ್ಷೆಗೆ ಯಾವ್ಯಾವುದು ಬಳಸ್ತೀರೋ ಎಲ್ಲಾ ಬೇಕು. ಯಾರದಾದರೂ ಸ್ವಂತದ್ದಿದ್ರೆ ಅದೂ.”

ಆ ಕೊನೆಯ ಮಾತನ್ನು ಅವಳು ಬಸ್ಸಿನಲ್ಲಿ ಬರುವಾಗ ನಾಲ್ಕು ಸಲ ಮನಸ್ಸಿನಲ್ಲೇ ಹೇಳಿಕೊಂಡಿದ್ದಳು, ದನಿ ಸಾದಾ ಇರಲೆಂದು.

ಲ್ಯಾಬಿನಲ್ಲಿ ಎಸಿ ಮೆಲ್ಲಗೆ ಗುಂಯ್‌ಗುಡುತ್ತಿತ್ತು. ಮಧ್ಯಾಹ್ನದ ಹೊತ್ತಿಗೆ ಹನ್ನೊಂದು ಸಲಕರಣೆ ಮುಗಿಸಿದ್ದಳು. ಹನ್ನೆರಡನೆಯದು ತಾನಾಗಿ ನಡೆದು ಬಂತು.

ಪಾಸಿಲ್ಲಪ್ಪನವರ ಕೂದಲು ಪೂರಾ ಬೆಳ್ಳಗಾಗಿತ್ತು. ಮಿಕ್ಕಂತೆ ಅದೇ ಎದೆ, ಅದೇ ಮುಂಗೈ, ಅದೇ ಹಳದಿ ಬಟ್ಟೆ. ಅವಳ ಮುಖ ನೋಡಿದರು; ನೋಡಿದ್ದು ಮುಖವನ್ನಲ್ಲ, ಎದುರಿಗೆ ಯಾರೋ ಇದ್ದಾರೆಂಬುದನ್ನು ಅಷ್ಟೇ.

“ಇದನ್ನೂ ನೋಡ್ಬೇಕಂತೆ ನೀವು. ಮೂವತ್ತೊಂದು ವರ್ಷದಿಂದ ನನ್ನ ಜೊತೆಗಿದೆ. ಮಗೂನ ಡಾಕ್ಟರಿಗೆ ತೋರಿಸೋ ಹಾಗೆ ಆಯ್ತು.”

“ಅರ್ಧ ಗಂಟೆ ಬಿಟ್ಟು ಬನ್ನಿ ಸರ್.”

“ಜೋಪಾನ. ಈ ತಿಂಗಳು ಕಳೆದ್ರೆ ನಂಗೂ ಅದಕ್ಕೂ ರಿಟೈರ್‌ಮೆಂಟು.”

ಬಾಗಿಲು ಮುಚ್ಚಿಕೊಂಡಿತು. ಅವಳು ಕೈಗವಸು ಬದಲಾಯಿಸಿದಳು. ಹಳದಿ ಬಟ್ಟೆಯ ಗಂಟು ಬಿಚ್ಚಿದಳು. ಐದು ಮಿಲಿಮೀಟರಿನ ಬಿಲ್ಲೆಯಿಂದ ಶುರು ಮಾಡಿದಳು. ಮೈಕ್ರೋಮೀಟರಿನ ತುದಿಯಲ್ಲಿ ರ‍್ಯಾಚೆಟ್ ಎಂಬ ಪುಟ್ಟ ಗುಬುಟು ಇರುತ್ತದೆ. ಅದನ್ನು ಹಿಡಿದು ತಿರುಗಿಸಿದರೆ, ಒತ್ತಡ ಸಾಕಾದೊಡನೆ ಕಟ್ ಕಟ್ ಎಂದು ಜಾರಿ, ಇನ್ನು ಬಿಗಿಯಬೇಡ ಎನ್ನುತ್ತದೆ. ಕಟ್ ಕಟ್ ಕಟ್. ಐದು. ಹತ್ತರ ಬಿಲ್ಲೆ. ಹತ್ತು. ಹದಿನೈದು, ಹದಿನೈದು. ಇಪ್ಪತ್ತು, ಇಪ್ಪತ್ತು. ಕೊನೆಗೆ ಇಪ್ಪತ್ತೈದನ್ನು ಇಟ್ಟಳು. ಇಪ್ಪತ್ತೈದು. ಅರ್ಧ ಗೀಟೂ ಆಚೀಚೆ ಇಲ್ಲ.

ಮತ್ತೆ ಅಳೆದಳು. ಬಿಲ್ಲೆ ಒರೆಸಿ ಮತ್ತೊಮ್ಮೆ. ಲೆನ್ಸ್ ಹಿಡಿದು ಮತ್ತೊಮ್ಮೆ. ಅವತ್ತು ಬೆಳಗಿನಿಂದ ಅವಳು ಪರೀಕ್ಷಿಸಿದ ಹನ್ನೆರಡರಲ್ಲಿ ಇಷ್ಟು ಪ್ರಾಮಾಣಿಕವಾದದ್ದು ಇನ್ನೊಂದಿರಲಿಲ್ಲ.

ಕುರ್ಚಿಯಲ್ಲಿ ಕುಸಿದಳು. ಹಾಗಾದರೆ? ತನ್ನ ಕಣ್ಣೇ ತಪ್ಪಿತ್ತೇ? ಲ್ಯಾಬಿನದ್ದು ಸುಳ್ಳು ಹೇಳಿ ಪಾಸಿಲ್ಲಪ್ಪನದ್ದು ನಿಜ ಹೇಳಿತ್ತೇ? ಹದಿನಾಲ್ಕು ವರ್ಷ ಎದೆಯ ಮೇಲೆ ಬೆಳೆಸಿದ ಗಿಡಕ್ಕೆ ಬೇರೇ ಇರಲಿಲ್ಲವೇ?

ಕೆಂಪು ಚೀಟಿಗಳ ಸುರುಳಿ ಮೊಣಕೈ ಪಕ್ಕದಲ್ಲೇ ಇತ್ತು. ಒಂದು ಅಂಕಿ ಬದಲಿಸಿದರೆ ಆಯಿತು. ಇಪ್ಪತ್ತೈದರ ಮುಂದೆ ಇಪ್ಪತ್ತನಾಲ್ಕು ಪಾಯಿಂಟ್ ಒಂಬತ್ತು ಏಳು ಎಂದು ಬರೆದರೆ ಕೇಳುವವರು ಯಾರು? ಈ ಊರಲ್ಲಿ ಅವಳ ಮಾತಿಗೆ ಮೇಲ್ಮನವಿಯಿಲ್ಲ. ಪೆನ್ನಿನ ಮುಚ್ಚಳ ತೆಗೆದಳು. ನಾಲ್ಕು ಎಂಬ ಅಂಕಿಯ ಮೊದಲ ಗೆರೆ ಕಾಗದಕ್ಕೆ ತಾಗುವಷ್ಟು ಹತ್ತಿರ ಬಂದಿತ್ತು. ಬರೆದರೆ ಸೇಡು ತೀರುತ್ತಿತ್ತು. ಆದರೆ ಯಾರ ಸೇಡು? ಆ ತುಂಡು ಇಪ್ಪತ್ತೈದೇ ಇತ್ತೆಂದು ಅವಳಿಗೇ ಖಾತ್ರಿಯಿಲ್ಲದ ಮೇಲೆ, ಈ ಕೆಂಪು ಚೀಟಿಯನ್ನು ತನ್ನ ಹಣೆಗೇ ಅಂಟಿಸಿಕೊಂಡಂತೆ. ಅಂಕಿಯನ್ನು ನಿಜವಾಗಿ ಬರೆದಳು. ಬರೆದು ಮುಗಿಸುವಾಗ ಕಣ್ಣು ಉರಿಯುತ್ತಿತ್ತು. ಹಸಿರು ಚೀಟಿ ಹಚ್ಚಿದಳು.

“ಏನಂತಾನೆ ನನ್ನ ಮಗ?” ಪಾಸಿಲ್ಲಪ್ಪ ಅರ್ಧ ಗಂಟೆಗೆ ಸರಿಯಾಗಿ ಬಂದಿದ್ದರು.

“ಸರಿಯಾಗಿದೆ ಸರ್. ತುಂಬಾ ಚೆನ್ನಾಗಿದೆ.”

“ನಾನು ಹೇಳ್ಲಿಲ್ವಾ!” ಹೆಮ್ಮೆಯಿಂದ ಅದನ್ನೆತ್ತಿಕೊಂಡು, ಮೇಜಿನ ಮೇಲಿದ್ದ ಬಿಲ್ಲೆಯೊಂದನ್ನು ಅದರ ಬಾಯಿಗಿಟ್ಟರು, ಮೊಮ್ಮಗುವಿಗೆ ತುತ್ತಿಡುವ ಹಾಗೆ. ತಿರುಗಿಸಿದರು.

ಅವಳು ಪೆಟ್ಟಿಗೆ ಮುಚ್ಚುತ್ತಿದ್ದಳು. ಕಿವಿ ಏನಕ್ಕೋ ಕಾಯುತ್ತಿತ್ತು, ಅದು ಬರಲಿಲ್ಲ. ಕಟ್ ಕಟ್ ಎನ್ನುವ ಸದ್ದೇ ಇಲ್ಲ. ತಲೆಯೆತ್ತಿ ನೋಡಿದಳು. ಪಾಸಿಲ್ಲಪ್ಪನವರ ಬೆರಳುಗಳು ರ‍್ಯಾಚೆಟ್ಟಿನ ಮೇಲಿರಲಿಲ್ಲ. ಹಿಡಿಯ ದಪ್ಪ ಭಾಗವನ್ನೇ ಮುಷ್ಟಿಯಲ್ಲಿ ಹಿಡಿದು, ನಲ್ಲಿ ನಿಲ್ಲಿಸುವವರ ಹಾಗೆ ಬಿಗಿಯುತ್ತಿದ್ದರು. ಗೆಣ್ಣುಗಳು ಬಿಳಿಚಿಕೊಂಡಿದ್ದವು.

“ಸರ್, ರ‍್ಯಾಚೆಟ್…”

“ಅದು ಕಲಿಯೋ ಮಕ್ಕಳಿಗಮ್ಮ. ನನ್ನ ಕೈಯೇ ರ‍್ಯಾಚೆಟ್ಟು.” ಕಣ್ಣು ಕಿರಿದು ಮಾಡಿದರು. “ನೋಡು, ಇಪ್ಪತ್ತನಾಲ್ಕು ಪಾಯಿಂಟ್ ಒಂಬತ್ತು ಏಳರ ಬಿಲ್ಲೆ ಇದು. ಇಂಥ ಸೈಜೂ ಇಟ್ಕೊಂಡಿರ್ತೀರಾ?”

ಅದು ಇಪ್ಪತ್ತೈದರ ಬಿಲ್ಲೆ.

ಉಕ್ಕಿನ ಚೌಕಟ್ಟಾದರೂ ಅಷ್ಟು ಬಿಗಿದರೆ ಕೂದಲೆಳೆಗಿಂತ ಕಡಿಮೆಯಾದರೂ ಬಾಗುತ್ತದೆ. ಬಾಗಿದಷ್ಟೂ ಹಿಡಿ ಹೆಚ್ಚು ತಿರುಗಿ ಅಳತೆ ಕಡಿಮೆ ತೋರುತ್ತದೆ. ಮೂವತ್ತೊಂದು ವರ್ಷ ಆ ಕೈ ಹಾಗೇ ಬಿಗಿದಿತ್ತು. ಸಲಕರಣೆ ಒಂದು ದಿನವೂ ಸುಳ್ಳು ಹೇಳಿರಲಿಲ್ಲ. ಅದರ ಕತ್ತು ಹಿಸುಕಿ ಹೇಳಿಸಿದ್ದರು.

ಕೈಗೆ ಅಂಟಿಸಲು ಅವಳ ಬಳಿ ಚೀಟಿಯಿರಲಿಲ್ಲ. ಆದರೆ ಎರಡು ಗಂಟೆಗೆ ಹತ್ತು ನಿಮಿಷಗಳಿದ್ದವು, ಅವಳದೇ.

“ಸರ್,” ಎಂದಳು, ಅಮ್ಮ ಹೊಲಿಗೆಗೆ ಬಂದ ಮೊದಲ ಗಿರಾಕಿಯನ್ನು ಮಾತಾಡಿಸುವ ದನಿಯಲ್ಲಿ. “ನಾನು ಮಕ್ಕಳಿಗೆ ನಾಲ್ಕು ಮಾತು ಹೇಳ್ಬೇಕು. ನೀವೂ ಬನ್ನಿ. ಇದನ್ನೂ ತನ್ನಿ. ನಿಮ್ಮಂಥವರ ಕೈ ಹೇಗೆ ಅಳೆಯುತ್ತೆ ಅಂತ ಅವರು ನೋಡ್ಲಿ.”

ಅವರ ಮುಖ ಅರಳಿತು. “ರಿಟೈರಾಗೋ ಹೊತ್ತಿಗೆ ಒಬ್ಬರಾದ್ರೂ ಕೇಳಿದ್ರಲ್ಲ.”

*

ಹಾಲ್ ತುಂಬಿತ್ತು. ಹಿಂದಿನ ಬೆಂಚುಗಳು ಆಗಲೇ ಆಕಳಿಸುತ್ತಿದ್ದವು. ಪ್ರಿನ್ಸಿಪಾಲರು, ಪಕ್ಕದಲ್ಲಿ ಪಾಸಿಲ್ಲಪ್ಪ, ಮೊದಲ ಸಾಲಿನಲ್ಲಿ.

“ಮೆಕ್ಯಾನಿಕಲ್ ಮುಗಿಸಿದವರು ಎಲ್ಲಿಗೆ ಹೋಗ್ತಾರೆ ಅಂತ ಹೇಳೋಕೆ ಕರೆದಿದಾರೆ,” ಎಂದು ಶುರುಮಾಡಿದಳು. “ನಮ್ಮ ಬ್ಯಾಚಿನವರನ್ನೇ ಹೇಳ್ತೀನಿ. ಒಬ್ಬಳು ಲಿಫ್ಟ್ ಕಂಪನೀಲಿದಾಳೆ. ದಿನಾ ಮೇಲೆ ಹೋಗ್ತಾಳೆ, ದಿನಾ ಕೆಳಗೆ ಬರ್ತಾಳೆ, ಪ್ರಮೋಷನ್ ಮಾತ್ರ ಆಗಿಲ್ಲ.”

ಆಕಳಿಕೆಗಳು ನಗೆಯಾದವು.

“ಒಬ್ಬ ಇನ್ಶೂರೆನ್ಸ್ ಸರ್ವೇಯರ್. ಆಕ್ಸಿಡೆಂಟಾದ ಕಾರಿನ ತಗ್ಗು ನೋಡಿ, ಡ್ರೈವರ್ ಹೇಳ್ತಿರೋದು ನಿಜವಾ ಅಂತ ಹೇಳ್ತಾನೆ. ಹೆಂಡತಿ ಎದುರಿಗೆ ಮಾತ್ರ ಅವನ ವಿದ್ಯೆ ನಡೆಯಲ್ಲ. ಒಬ್ಬ ಹಲ್ಲುಜ್ಜೋ ಬ್ರಶ್ಶಿನ ಹಿಡಿಕೆಗೆ ಅಚ್ಚು ಮಾಡ್ತಾನೆ. ನೀವು ಬೆಳಗ್ಗೆ ಹಿಡಿದಿದ್ದು ಅವನದೇ ಇರಬಹುದು. ಆಸ್ಪತ್ರೆಯ ಆಪರೇಶನ್ ಕೋಣೆಗೆ ಎಷ್ಟು ಗಾಳಿ, ಎಷ್ಟು ತಂಪು ಬೇಕು ಅಂತ ಲೆಕ್ಕ ಹಾಕೋಳು ಒಬ್ಬಳಿದಾಳೆ. ಇಬ್ಬರು ಬ್ಯಾಂಕಿಗೆ ಹೋದ್ರು, ಅವರ ಸುದ್ದಿ ಬಿಡಿ. ಎಂಜಿನ್ ಕಂಪನಿಗೆ ಮೂವರು ಹೋಗಿದ್ರು. ನಾಲ್ಕನೆಯವಳು ಬಾಗಿಲವರೆಗೆ ಹೋಗಿ ವಾಪಸ್ ಬಂದಳು. ಅವಳು ಅಳೆಯೋರನ್ನ ಅಳೆಯೋ ಕೆಲಸಕ್ಕೆ ಸೇರಿದಳು. ಆ ಕೆಲಸ ಹೇಗಿರುತ್ತೆ ಅಂತ ತೋರಿಸ್ತೀನಿ. ಯಾರಾದ್ರೂ ಒಬ್ಬರು ಬನ್ನಿ.”

ಎರಡನೇ ಸಾಲಿನಿಂದ ಕನ್ನಡಕದ ಹುಡುಗಿಯೊಬ್ಬಳು ಎದ್ದು ಬಂದಳು. ಅವಳ ಅಂಗೈಯಲ್ಲಿ ಒಡೆದ ಬೊಬ್ಬೆಗಳ ಗುರುತು ಇನ್ನೂ ಕೆಂಪಗಿತ್ತು. ಅಳತೆ ಬರೆದ ಮುಖ ಕೆಳಗಾಗುವಂತೆ ಬಿಲ್ಲೆಯನ್ನು ಹುಡುಗಿಯ ಕೈಗಿಟ್ಟು, ಪಾಸಿಲ್ಲಪ್ಪನವರ ಮೈಕ್ರೋಮೀಟರನ್ನೇ ಕೊಟ್ಟಳು. ಹುಡುಗಿ ಒಮ್ಮೆ ಅವರ ಮುಖ ನೋಡಿ, ರ‍್ಯಾಚೆಟ್ ಹಿಡಿದು ತಿರುಗಿಸಿದಳು. ಕಟ್ ಕಟ್ ಕಟ್.

“ಇಪ್ಪತ್ತೈದು ಮೇಡಂ.”

“ಸರ್, ನೀವೊಂದ್ಸಲ.”

ಪಾಸಿಲ್ಲಪ್ಪ ಮದುವೆ ಗಂಡಿನ ಹಾಗೆ ಎದ್ದು ಬಂದರು. ಬಿಗಿದರು. ಗೆಣ್ಣು ಬಿಳಿಚಿತು. “ಏನಮ್ಮ, ಕನ್ನಡಕ ಬದಲಾಯಿಸ್ಬೇಕಾ? ಇಪ್ಪತ್ತನಾಲ್ಕು ಪಾಯಿಂಟ್ ಒಂಬತ್ತು ಏಳು. ಮೂರು ಗೀಟು ಕಮ್ಮಿ!”

ಹುಡುಗಿಯ ಮುಖ ಸಪ್ಪಗಾಯಿತು. ಆ ಮುಖ ಕಂಡು ಮೈಕ್ರಾನ್ ಮೇಡಂಗೆ ಎಲ್ಲ ಅಲ್ಲೇ ಹೇಳಿಬಿಡಬೇಕೆನಿಸಿತು, ಆದರೆ ತಡೆದುಕೊಂಡಳು. ಅವಸರ ಮಾಡಿದರೆ ರುಚಿ ಕೆಡುತ್ತದೆ.

“ಇನ್ನೊಂದು ಸಲ ನೋಡ್ತೀರಾ ಸರ್?”

“ನೋಡೋದೇನಿದೆ.” ಆದರೂ ನೋಡಿದರು, ಹಾಲ್ ನೋಡುತ್ತಿತ್ತಲ್ಲ. “ಅದೇ. ಒಂಬತ್ತು ಏಳು.”

“ಮೂರನೇ ಸಲ?”

“ಅದೇ ಬರುತ್ತಮ್ಮ! ನೂರು ಸಲ ನೋಡಿದ್ರೂ ಅದೇ.”

“ಪ್ರಿನ್ಸಿಪಾಲ್ ಸರ್, ಆ ಬಿಲ್ಲೆಯ ಕೆಳಗೆ ಏನು ಬರೆದಿದೆ, ಸ್ವಲ್ಪ ಓದ್ತೀರಾ?”

ಪ್ರಿನ್ಸಿಪಾಲರು ಬಿಲ್ಲೆ ತಿರುಗಿಸಿ ಬೆಳಕಿಗೆ ಹಿಡಿದರು. “ಇಪ್ಪತ್ತೈದು… ಪಾಯಿಂಟ್ ಸೊನ್ನೆ ಸೊನ್ನೆ ಸೊನ್ನೆ.”

“ಅದರ ಸರ್ಟಿಫಿಕೇಟ್ ಇಲ್ಲಿದೆ. ಮೈಕ್ರೋಮೀಟರ್ ಸರಿಯಿದೆ ಅಂತ ಈಗಷ್ಟೇ ನಾನೇ ಸೈನ್ ಮಾಡಿದೀನಿ, ಅದೂ ಇಲ್ಲಿದೆ. ಬಿಲ್ಲೆ ಸರಿ, ಸಲಕರಣೆ ಸರಿ.” ಅವಳು ಬಿಲ್ಲೆಯನ್ನು ಪಾಸಿಲ್ಲಪ್ಪನವರ ಕೈಗೆ ವಾಪಸ್ ಕೊಟ್ಟಳು. “ಸರ್, ಈಗ ರ‍್ಯಾಚೆಟ್ ಹಿಡಿದು ತಿರುಗಿಸಿ.”

ಕಲಿಯುವ ಮಕ್ಕಳ ಗುಬುಟನ್ನು ಪಾಸಿಲ್ಲಪ್ಪ ಎರಡು ಬೆರಳಲ್ಲಿ ಹಿಡಿದರು. ಕಟ್ ಕಟ್ ಕಟ್. ಹಾಲಿನಲ್ಲಿ ಅದೊಂದೇ ಸದ್ದು. ಅವರು ನೋಡಿದರು. ಕನ್ನಡಕ ತೆಗೆದು ಒರೆಸಿ ಮತ್ತೆ ನೋಡಿದರು.

“ಎಷ್ಟು ಬಂತು ಸರ್?” ಎಂದಳು ಅವಳು.

ಹಿಂದಿನ ಬೆಂಚಿನಿಂದ ಒಂದು ದನಿ ಬಂತು: “ಲೋ, ಅದಕ್ಕೇ ಕಣೋ ನಾವು ಮೂರು ಗೀಟು ದಪ್ಪ ಬಿಡೋದು!”

ನಗೆ ಒಡೆಯಿತು. ಕಟ್ಟೆ ಒಡೆದ ಹಾಗೆ ಹಿಂದಿನಿಂದ ಮುಂದಕ್ಕೆ ಬಂದು ಮೊದಲ ಸಾಲನ್ನೂ ದಾಟಿತು. ಕನ್ನಡಕದ ಹುಡುಗಿ ಮಾತ್ರ ನಗಲಿಲ್ಲ. “ಮೇಡಂ, ನಾನು ಬೇರೆ ಕಾಲೇಜಿಂದ ಈ ವರ್ಷ ಬಂದಿದ್ದು. ನಂಗೆ ಯಾರೂ ಹೇಳಿರ್ಲಿಲ್ಲ. ಹೋದ ವಾರ ನಂದು ಫೇಲ್ ಮಾಡಿದ್ರು.”

ನಗೆ ನಿಂತಿತು. ಪ್ರಿನ್ಸಿಪಾಲರು ಎದ್ದು ನಿಂತರು. ಈ ವರ್ಷದ ಎಲ್ಲ ತುಂಡುಗಳನ್ನೂ ಬೇರೆಯವರಿಂದ ಮತ್ತೆ ಅಳೆಸುವುದಾಗಿ ಅವರು ಹೇಳುತ್ತಿದ್ದರು. ಪಾಸಿಲ್ಲಪ್ಪ ಅಲ್ಲೇ, ಇನ್ನೂರು ಕಣ್ಣುಗಳ ನಡುವೆ, ಬಿಲ್ಲೆ ಕಚ್ಚಿದ ಮೈಕ್ರೋಮೀಟರ್ ಹಿಡಿದುಕೊಂಡು ನಿಂತಿದ್ದರು. ಅವಳು ಅವರನ್ನು ಕಣ್ತುಂಬ ನೋಡಿದಳು. ಅಯ್ಯೋ ಅನಿಸಬಹುದೆಂದು ಅಂದುಕೊಂಡಿದ್ದಳು. ಅನಿಸಲಿಲ್ಲ. ಬಾಯಾರಿದವರಿಗೆ ನೀರು ಇಳಿದ ಹಾಗೆ ಏನೋ ತಣ್ಣಗೆ ಇಳಿಯಿತು. ಮುಂದೆ ಹೋಗಿ, ಮೈಕ್ರೋಮೀಟರಿನ ಬಾಯಿ ಬಿಡಿಸಿ ತನ್ನ ಬಿಲ್ಲೆ ತೆಗೆದುಕೊಂಡಳು.

*

ಮೆಟ್ಟಿಲ ಹತ್ತಿರ ಹೆಜ್ಜೆ ಸದ್ದು ಹಿಂದಿನಿಂದ ಬಂತು.

“ನಿಂತ್ಕೊಳ್ಳಮ್ಮ.” ಏದುಸಿರು. “ನೀನು ಇಲ್ಲೇ ಓದಿದವಳಂತೆ. ಯಾವ ವರ್ಷ?”

ಹೇಳಿದಳು. ತನ್ನ ರೋಲ್ ನಂಬರು ನಲವತ್ತೊಂದು ಎಂದೂ ಹೇಳಿದಳು. ಅವರು ಹುಬ್ಬು ಗಂಟಿಕ್ಕಿ ಹುಡುಕಿದರು. ಹುಡುಕುವುದು ಮುಖದಲ್ಲಿ ಕಾಣುತ್ತಿತ್ತು. ಏನೂ ಸಿಗದ್ದೂ ಕಂಡಿತು.

“ನೆನಪಾಗ್ತಿಲ್ಲ.”

ಇದಕ್ಕೆ ಅವಳು ತಯಾರಾಗಿರಲಿಲ್ಲ. ಅವಳ ಪ್ರತಿ ಬೆಳಗಿನಲ್ಲಿ ಇದ್ದ ಮನುಷ್ಯನ ಒಂದು ಮಧ್ಯಾಹ್ನದಲ್ಲೂ ಅವಳಿರಲಿಲ್ಲ.

“ಇಪ್ಪತ್ತೈದರ ಚೌಕ,” ಎಂದಳು. “ಆರು ಕಡೆಯೂ ಸರಿಯಿತ್ತು. ನೀವು ಮೂರು ಗೀಟು ಕಮ್ಮಿ ಅಂದ್ರಿ. ಇನ್ನೊಂದು ಸಲ ನೋಡಿ ಅಂದೆ. ಉಳಿ ತಗೊಂಡು ಗುರುತು ಹಾಕಿ ತೊಟ್ಟಿಗೆಸೆದ್ರಿ. ಅದೇ ತಿಂಗಳು ಎಂಜಿನ್ ಕಂಪನಿ ಬಂದಿತ್ತು.”

“ಬಹಳ ಜನಕ್ಕೆ ಹಾಕಿದೀನಮ್ಮ ಆ ಗುರುತು.” ಅವರ ದನಿ ಇಳಿಯಿತು. ಎಡಗೈಯಲ್ಲಿ ಹಳದಿ ಬಟ್ಟೆಯಿತ್ತು, ಬಲಗೈಯನ್ನು ಎದುರಿಗೆ ಹಿಡಿದು, ಬೇರೆ ಯಾರದೋ ಕೈಯನ್ನು ನೋಡುವಂತೆ ನೋಡಿದರು. “ಮೂವತ್ತೊಂದು ವರ್ಷ. ಒಂದು ವರ್ಷಕ್ಕೆ ನಾಲ್ಕೈದು ಅಂತಿಟ್ಕೊಂಡ್ರೂ…” ತುಟಿ ಅಲುಗಿತು. ಎಣಿಸುತ್ತಿದ್ದರು. ಎಣಿಸಲಿ ಎಂದು ಅವಳು ಕಾದಳು. ಅವರು ನೂರು ದಾಟಿದ್ದು ಅವರ ಕಣ್ಣಲ್ಲೇ ಗೊತ್ತಾಯಿತು.

“ಮನೇಲಿ ಹೇಗೆ ಹೇಳ್ಲಿ ಇದನ್ನ,” ಎಂದರು, ಅವಳಿಗಲ್ಲ.

ಆಮೇಲೆ ತಲೆಯೆತ್ತಿದರು. ಆ ಮುಖದಲ್ಲಿ ಏನು ತಯಾರಾಗುತ್ತಿದೆಯೆಂದು ಅವಳಿಗೆ ತಕ್ಷಣ ತಿಳಿಯಿತು. ಹದಿನಾಲ್ಕು ವರ್ಷ ಅವಳು ಅದನ್ನೇ ಕೇಳಬೇಕೆಂದಿದ್ದಳು. ನಿನ್ನ ತುಂಡು ಸರಿಯಿತ್ತು. ಮೂರೇ ಪದ. ಅವರು ಅದನ್ನು ಹೇಳಿಬಿಟ್ಟರೆ ಹಗುರಾಗುತ್ತಾರೆ. ಹೇಳಿ, ಅವಳು ತಲೆಯಾಡಿಸಿ, ಅವರು ಬಟ್ಟೆ ಸುತ್ತಿಕೊಂಡು ಮನೆಗೆ ಹೋಗಿ ನಿದ್ದೆ ಮಾಡುತ್ತಾರೆ. ಉಳಿದ ನೂರು ಚಿಲ್ಲರೆ ಜನರಿಗೂ ಸೇರಿಸಿ ಅವಳೊಬ್ಬಳಿಗೆ ಹೇಳಿ ಮುಗಿಸುತ್ತಾರೆ.

“ನೋಡಮ್ಮ,” ಎಂದರು ಪಾಸಿಲ್ಲಪ್ಪ. “ಆ ದಿನ ನಿನ್ನ ತುಂಡು…”

ಅವಳು ಪೆಟ್ಟಿಗೆಯನ್ನು ಎಡಗೈಗೆ ಬದಲಾಯಿಸಿಕೊಂಡಳು. ಮೊದಲ ಮೆಟ್ಟಿಲು ಇಳಿದಳು, ಎರಡನೆಯದು ಇಳಿದಳು. “ಕೇಳಮ್ಮ, ನಿನ್ನ ತುಂಡು ಅವತ್ತು…” ಎಂಬ ಮಾತು ಹಿಂದಿನಿಂದ ಇನ್ನೂ ಬರುತ್ತಿತ್ತು, ಮೂರನೆಯ ಮೆಟ್ಟಿಲಿಗೆ ಬಂದಾಗ ಸ್ವಲ್ಪ ಮೆಲ್ಲಗೆ, ತಿರುವಿನಲ್ಲಿ ಇನ್ನೂ ಮೆಲ್ಲಗೆ, ಅವಳು ತಿರುಗಿ ನೋಡದೆ ಅಂಗಳದ ಬಿಸಿಲಿಗಿಳಿದು, ಗೇಟಿನ ಕಡೆಗೆ ನಡೆದಳು, ಆ ವಾಕ್ಯ ಅವರ ಬಾಯಲ್ಲೇ…